ಪಪ್ಪನ ಜೊತೆ ವಾಲ್ಟ್ಸ್ ಮಾಡ್ಲಿಕ್ಕುಂಟು, ಯಾವ ಪದ್ಯ ಇಟ್ರೆ ಒಳ್ಳೇದು?

ಕುಲಶೇಖರದವಳು:

ಜನವರಿಯಲ್ಲಿ ನನ್ನ ಮದುವೆ ಉಂಟು, ಹುಡುಗ ಮೂಡುಬೆಳ್ಳೆಯವರು. ಸಂಜೆ ನಾಲ್ಕಕ್ಕೆ ಇಗರ್ಜಿ, ಆಮೇಲೆ ಹಾಲ್‌ನಲ್ಲಿ ರಿಸೆಪ್ಷನ್. ಲೈವ್ ಬ್ಯಾಂಡಿಗೆ ಅಡ್ವಾನ್ಸ್ ಕೊಟ್ಟಾಗಿದೆ, ಅವರು ಲಿಸ್ಟ್ ಕೊಡಿ ಲಿಸ್ಟ್ ಕೊಡಿ ಅಂತ ಎರಡು ಸಲ ಫೋನ್ ಮಾಡಿದ್ರು, ಆದ್ರೆ ನನಗೆ ಒಂದೇ ಒಂದು ಪದ್ಯ ತೀರ್ಮಾನ ಆಗದೆ ಇಡೀ ಲಿಸ್ಟ್ ನಿಂತಿದೆ. ಅದು ನಾನು ಪಪ್ಪನ ಜೊತೆ ಮಾಡುವ ವಾಲ್ಟ್ಸಿನದ್ದು, ಒಂದು-ಎರಡು-ಮೂರು ಎಣಿಸಿ ಜೋಡಿಯಾಗಿ ಹೆಜ್ಜೆ ಹಾಕುವ ಡ್ಯಾನ್ಸ್.

ಪಪ್ಪನಿಗೆ ಈಗ 67. ಕುವೈಟಲ್ಲಿ ತುಂಬ ವರ್ಷ ದುಡಿದು ಬಂದವರು. ನಾವು ಸಣ್ಣದಿರುವಾಗ ಯಾರ ಮದುವೆಗೆ ಹೋದ್ರೂ ಬ್ಯಾಂಡಿನವರು ವಾಲ್ಟ್ಸ್ ಶುರು ಮಾಡಿದ ಕೂಡ್ಲೆ ಪಪ್ಪ ಊಟದ ಪ್ಲೇಟ್ ಬದಿಗಿಟ್ಟು ಮಮ್ಮಿಯ ಕೈ ಹಿಡಿದು ಎದ್ದು ಹೋಗ್ತಿದ್ರು, ನಾನು ಮತ್ತು ತಮ್ಮ ಕುರ್ಚಿ ಮೇಲೆ ನಿಂತು ನೋಡ್ತಿದ್ದೆವು. ಮಮ್ಮಿ ತೀರಿಹೋಗಿ ಮೂರು ವರ್ಷ ಆಯ್ತು. ಆಮೇಲೆ ಪಪ್ಪ ಒಂದು ಸಲವೂ ಫ್ಲೋರಿಗೆ ಇಳಿದದ್ದಿಲ್ಲ. ನನ್ನ ಮದುವೆಗೆ ಆಯ್ತು ಅಂತ ಒಪ್ಪಿದ್ದಾರೆ, ಆದ್ರೆ ಎಡ ಮಂಡಿ ಆಪರೇಷನ್ ಆಗಿದೆ.

ನನಗೆ ಎಡ್ ಶೀರನ್ ಹಾಡಿದ 'ಪರ್ಫೆಕ್ಟ್' ತುಂಬ ಇಷ್ಟ. ನಿನ್ನೆ ಚಾವಡಿಯ ಕುರ್ಚಿ ಟೀಪಾಯಿ ಎಲ್ಲ ಸರಿಸಿ ಮೊಬೈಲಲ್ಲಿ ಅದನ್ನೇ ಇಟ್ಟು ಪ್ರಾಕ್ಟೀಸ್ ಮಾಡ್ಲಿಕ್ಕೆ ನೋಡಿದೆವು. ಎರಡು ನಿಮಿಷ ಆಗ್ಲಿಲ್ಲ, ಪಪ್ಪ ನಿಂತ್ರು. "ಬಾಯ್, ಇದ್ರಲ್ಲಿ ಒಂದು ಎಲ್ಲುಂಟು ಅಂತ ನನ್ನ ಕಾಲಿಗೆ ಸಿಗುವುದಿಲ್ಲ" ಅಂತ ಹೇಳಿ ಹೋಗಿ ಕೂತ್ರು. ಮಂಡಿ ನೋವಿಗಾ ಅಂತ ಕೇಳಿದ್ರೆ ಅಲ್ಲ ಅಂತಾರೆ. ಅವರಿಗೆ ಅಷ್ಟು ವರ್ಷದ ಅಭ್ಯಾಸ ಇದ್ದೂ ಯಾಕೆ ಹೀಗಾಯ್ತು ಅಂತ ನನಗೆ ಅರ್ಥ ಆಗ್ಲಿಲ್ಲ. ಗೊತ್ತಿದ್ದವರು ಹೇಳಿ, ಯಾವ ಪದ್ಯ ಇಡುವುದು?

ಬಿಜೈ ರಾಕರ್:

'ಎ ಥೌಸಂಡ್ ಇಯರ್ಸ್' ಇಡಿ ಅಕ್ಕ. ಈಗ ಎಲ್ಲ ಮದುವೆಯಲ್ಲಿ ಅದೇ. ಇಲ್ದಿದ್ರೆ 'ಥಿಂಕಿಂಗ್ ಔಟ್ ಲೌಡ್'.

ಮಣಿಪಾಲ ಸ್ಟೆಪ್ಸ್:

'ಥಿಂಕಿಂಗ್ ಔಟ್ ಲೌಡ್' ವಾಲ್ಟ್ಸ್ ಅಲ್ವೇ ಅಲ್ಲ, ಅದು 4/4. ಜಾನ್ ಲೆಜೆಂಡ್ ಅವರ 'ಆಲ್ ಆಫ್ ಮಿ', ಎರಿಕ್ ಕ್ಲ್ಯಾಪ್ಟನ್ ಅವರ 'ವಂಡರ್‌ಫುಲ್ ಟುನೈಟ್' ಇವೂ ನಾಲ್ಕರ ಲೆಕ್ಕದವು. ಚಂದ ಪದ್ಯ, ಕೈ ಹಿಡಿದು ಅತ್ತಿತ್ತ ತೂಗ್ಲಿಕ್ಕೆ ಆಗ್ತದೆ, ಆದ್ರೆ ವಾಲ್ಟ್ಸಿನ ಒಂದು-ಎರಡು-ಮೂರು ಅದರೊಳಗೆ ಹೊಂದುವುದಿಲ್ಲ, ಮೂರು ಹೆಜ್ಜೆ ಇಟ್ಟ ಮೇಲೆ ಒಂದು ಬೀಟ್ ಉಳಿದುಹೋಗ್ತದೆ, ಮುಂದಿನ ಬಾರಿನಲ್ಲಿ (ಬಾರ್ ಅಂದ್ರೆ ಬೀಟುಗಳ ಒಂದು ಗುಂಪು) ಕಾಲು ಎಲ್ಲೋ ಪದ್ಯ ಎಲ್ಲೋ. ನನ್ನ ಕ್ಲಾಸಿಗೆ ಮದುವೆಗೆ ಹದಿನೈದು ದಿನ ಇರುವಾಗ ಬರುವ ಜೋಡಿಗಳಲ್ಲಿ ಅರ್ಧ ಜನ ಇಂಥದ್ದೇ ಪದ್ಯ ಹಿಡ್ಕೊಂಡು ಬರ್ತಾರೆ.

'ಥೌಸಂಡ್ ಇಯರ್ಸ್' ಮೂರರ ಲೆಕ್ಕಕ್ಕೆ ಬರ್ತದೆ, ಅದು ಸರಿ. ಅದರ ತೊಂದರೆ ವೇಗದ್ದು. ಸ್ಪರ್ಧೆಗಳಲ್ಲಿ ಸ್ಲೋ ವಾಲ್ಟ್ಸ್ ಅಂದ್ರೆ ನಿಮಿಷಕ್ಕೆ 28ರಿಂದ 30 ಬಾರ್, ವಿಯೆನ್ನೀಸ್ ವಾಲ್ಟ್ಸ್ ಅಂದ್ರೆ 58ರಿಂದ 60. ಒಂದು ಬಾರಿಗೆ ಮೂರು ಬೀಟ್. ಆ ಪದ್ಯ ನಾನು ಟ್ಯಾಪ್ ಮಾಡಿ ನೋಡಿದಾಗ 46ರ ಹತ್ತಿರ ಬಂತು. ಅಂದ್ರೆ ಸ್ಲೋ ಮಾಡುವವರಿಗೆ ಓಡಿದ ಹಾಗೆ, ವಿಯೆನ್ನೀಸ್ ಮಾಡುವವರಿಗೆ ತಡೆದು ನಿಲ್ಲಿಸಿದ ಹಾಗೆ. ಚಿಕ್ಕ ಚಿಕ್ಕ ಹೆಜ್ಜೆ ಇಡುವ ಯುವಕರು ಹೇಗೋ ಸುಧಾರಿಸ್ತಾರೆ. ಮಂಡಿ ಆಪರೇಷನ್ ಆದವರನ್ನು ಅದಕ್ಕೆ ಹಾಕ್ಬೇಡಿ.

ಕಂಕನಾಡಿ ಟ್ರಂಪೆಟ್:

ಮಗಳೇ, ನಿನ್ನ ಪಪ್ಪ ಹೇಳಿದ್ದು ನೂರಕ್ಕೆ ನೂರು ಸರಿ. 'ಒಂದು ಎಲ್ಲುಂಟು ಅಂತ ಕಾಲಿಗೆ ಸಿಗುವುದಿಲ್ಲ' ಅನ್ನುವ ಮಾತು ಓದಿ ನನಗೆ ಖುಷಿ ಆಯ್ತು, ಡ್ಯಾನ್ಸ್ ಗೊತ್ತಿದ್ದವರ ಮಾತು ಅದು. ನಾನು ಮದುವೆ ಬ್ಯಾಂಡಿನಲ್ಲಿ ಮೂವತ್ತು ವರ್ಷದ ಮೇಲೆ ಊದಿದವ, ಈಗ ಶ್ವಾಸ ಕಮ್ಮಿ ಅಂತ ಬಿಟ್ಟಿದ್ದೇನೆ.

'ಪರ್ಫೆಕ್ಟ್' 12/8ರ ಪದ್ಯ. ಕೀಬೋರ್ಡಿನವರ ಭಾಷೆಯಲ್ಲಿ ಸ್ಲೋ ರಾಕ್. ಅದರಲ್ಲಿ ದೊಡ್ಡ ಬೀಟ್ ನಾಲ್ಕು, ಪ್ರತಿ ದೊಡ್ಡ ಬೀಟಿನ ಹೊಟ್ಟೆಯೊಳಗೆ ಮೂರು ಸಣ್ಣದು. ಎಲ್ವಿಸ್ ಪ್ರೆಸ್ಲಿಯವರ 1961ರ 'ಕಾಂಟ್ ಹೆಲ್ಪ್ ಫಾಲಿಂಗ್ ಇನ್ ಲವ್' ಇದೇ ಜಾತಿ. ಮೂರು ಮೂರು ಕೇಳ್ತದಲ್ಲ ಅಂತ ಜನ ಇದನ್ನು ವಾಲ್ಟ್ಸ್ ಅಂತ ಲಿಸ್ಟಿಗೆ ಬರೆದುಕೊಡ್ತಾರೆ. ಈಗ ಲೆಕ್ಕ ನೋಡು: 'ಪರ್ಫೆಕ್ಟ್'ನ ದೊಡ್ಡ ಬೀಟ್ ನಿಮಿಷಕ್ಕೆ ಸುಮಾರು 63. ನಿನ್ನ ಪಪ್ಪ ಸಣ್ಣ ಬೀಟಿಗೆ ಒಂದೊಂದು ಹೆಜ್ಜೆ ಇಟ್ರೆ ನಿಮಿಷಕ್ಕೆ 190 ಹತ್ತಿರ ಹೆಜ್ಜೆ ಆಯ್ತು, ಅದು ವಿಯೆನ್ನೀಸಿಗಿಂತಲೂ ಒಂಚೂರು ಜೋರು. ದೊಡ್ಡ ಬೀಟಿಗೆ ಇಟ್ರೆ ನಿಧಾನ ಆಯ್ತು ಸರಿ, ಆದ್ರೆ ಮೂರು ಹೋಗಿ ನಾಲ್ಕಾಯ್ತು. ಎರಡು ಕಡೆಯೂ ದಾರಿ ಇಲ್ಲ. ಹಾಗಾಗಿ ಅವರು ನಿಂತದ್ದು. ತಪ್ಪು ಮಂಡಿಯದ್ದೂ ಅಲ್ಲ, ಪ್ರಾಯದ್ದೂ ಅಲ್ಲ.

ಇನ್ನೊಂದು ಸಂಗತಿ. ವಾಲ್ಟ್ಸ್ ಪದ್ಯದಲ್ಲಿ ಒಂದನೇ ಬೀಟಿಗೆ ಬೇಸ್ ಬೀಳ್ತದೆ, ಎರಡು ಮೂರಕ್ಕೆ ಗಿಟಾರ್ ಅಥವಾ ಪಿಯಾನೋ ಹಗುರಕ್ಕೆ ಎತ್ತಿಕೊಡ್ತದೆ, ಉಂ-ಚಕ್-ಚಕ್ ಉಂ-ಚಕ್-ಚಕ್. ಆ 'ಉಂ' ನೆಲದಿಂದ ಕಾಲಿಗೆ ಬರ್ಬೇಕು, ಕಿವಿ ಕೊಟ್ಟು ಹುಡುಕುವ ಹಾಗೆ ಇರ್ಬಾರ್ದು. ಹಾಲ್‌ನಲ್ಲಿ ಐನೂರು ಜನ ಮಾತಾಡ್ತಾ ಇರ್ತಾರೆ, ಕ್ರೋಕರಿಯ ಸದ್ದು ಬೇರೆ, ಅದರ ಮಧ್ಯೆಯೂ ಒಂದು ಕೇಳಿದ್ರೆ ಮಾತ್ರ ಅದು ಕುಣಿಯುವ ಪದ್ಯ. ಬರೇ ಪಿಯಾನೋ ಮೇಲೆ ಎಳೆದು ಎಳೆದು ಹಾಡಿದ ಕವರ್ ವರ್ಷನ್ ಎಲ್ಲ ಕೂತು ಕೇಳ್ಲಿಕ್ಕೆ ಚಂದ ಅಷ್ಟೆ.

ಪದ್ಯ ಹುಡುಕುವ ಮೊದ್ಲು ಒಂದು ಕೆಲಸ ಮಾಡು. ಮ್ಯೂಸಿಕ್ ಎಂತದ್ದೂ ಇಡ್ಬೇಡ. ಪಪ್ಪನಿಗೆ ಸುಮ್ಮನೆ ಬಾಕ್ಸ್ ಸ್ಟೆಪ್ (ಚೌಕದ ಹಾಗೆ ಇಡುವ ವಾಲ್ಟ್ಸಿನ ಹೆಜ್ಜೆ) ಹಾಕ್ಲಿಕ್ಕೆ ಹೇಳು, ಅವರ ಮಂಡಿಗೆ ಹೇಗೆ ಅನುಕೂಲವೋ ಹಾಗೆ. ನೀನು ಗಡಿಯಾರ ಹಿಡಿದು ಅರ್ಧ ನಿಮಿಷದಲ್ಲಿ ಎಷ್ಟು 'ಒಂದು' ಬಂತು ಅಂತ ಎಣಿಸು. ಆ ಲೆಕ್ಕ ಇಲ್ಲಿ ಬರಿ. ಪದ್ಯ ಆಮೇಲೆ ನೋಡುವ.

ಶಿರ್ವದ ಆಂಟಿ:

ಲೆಕ್ಕ ಎಲ್ಲ ಸರಿ, ಆದ್ರೆ ಪದ್ಯದ ಶಬ್ದಗಳನ್ನೂ ನೋಡ್ಬೇಕು ಅಂತ ನಾನು ಹೇಳುವುದು. ನಮ್ಮ ಕಡೆ ಒಂದು ಮದುವೆಯಲ್ಲಿ ಮದುಮಕ್ಕಳ ಫಸ್ಟ್ ಡ್ಯಾನ್ಸಿಗೆ 'ಟೆನೆಸ್ಸಿ ವಾಲ್ಟ್ಸ್' ಇಟ್ಟಿದ್ರು. ಪ್ಯಾಟಿ ಪೇಜ್ 1950ರಲ್ಲಿ ಹಾಡಿದ್ದು, ಎಷ್ಟು ಚಂದದ ರಾಗ, ನಾವೆಲ್ಲ ಅದನ್ನೇ ಕೇಳಿ ದೊಡ್ಡ ಆದವರು. ಆದ್ರೆ ಅದರ ಕತೆ ಎಂತದ್ದು? ಡ್ಯಾನ್ಸ್ ಮಾಡ್ತಾ ಇರುವಾಗ ಹಳೇ ಗೆಳತಿಯ ಪರಿಚಯ ಮಾಡಿಸಿದ್ದಕ್ಕೆ ಅವಳು ತನ್ನ ಪ್ರಿಯಕರನನ್ನೇ ಕಟ್ಟಿಕೊಂಡು ಹೋದ್ಳು ಅಂತ. ಮದುವೆ ದಿನ ಅದಾ ಹಾಡಿಸುವುದು? ಎಂಗಲ್‌ಬರ್ಟ್ ಹಂಪರ್‌ಡಿಂಕ್ ಅವರ 1967ರ 'ದಿ ಲಾಸ್ಟ್ ವಾಲ್ಟ್ಸ್' ಸಹ ಹಾಗೆಯೇ, ಪ್ರೀತಿ ಮುರಿದುಬೀಳುವಲ್ಲಿಗೆ ಬಂದು ಮುಗಿಯುವುದು. ಹಾಲ್‌ನಲ್ಲಿ ಇಂಗ್ಲಿಷ್ ಅರ್ಥ ಆಗುವ ಹಿರಿಯರು ತುಂಬ ಜನ ಇರ್ತಾರೆ, ನಾನು ನನ್ನ ನಾದಿನಿ ಮುಖ ಮುಖ ನೋಡಿಕೊಂಡೆವು.

ಕಂಕನಾಡಿ ಟ್ರಂಪೆಟ್:

ಬಾಯೆ, ನೀವು ಹೇಳಿದ್ದು ಒಪ್ತೇನೆ, ಆದ್ರೆ ಅಷ್ಟಕ್ಕೇ ಆ ರಾಗವನ್ನು ಬಿಟ್ಟುಬಿಡುವುದು ನನಗೆ ಮನಸ್ಸಿಲ್ಲ. ಅದಕ್ಕೇ ಅಲ್ಲವಾ ಟ್ರಂಪೆಟ್ ಸ್ಯಾಕ್ಸೋಫೋನ್ ಇರುವುದು. ಹಾಡುವವರನ್ನು ಬದಿಗೆ ಕೂರಿಸಿ ಬರೇ ವಾದ್ಯದಲ್ಲಿ ನುಡಿಸಿದ್ರೆ ಗೆಳತಿಯೂ ಇಲ್ಲ ಪ್ರಿಯಕರನೂ ಇಲ್ಲ, ರಾಗ ಮಾತ್ರ. ನಾವು ಎಷ್ಟೋ ಸಲ ಹಾಗೆ ಮಾಡಿದ್ದುಂಟು, ಮುದುಕರು ಕಣ್ಣು ಮುಚ್ಚಿ ತಿರುಗ್ತಿದ್ರು.

ಶಿರ್ವದ ಆಂಟಿ:

ಕೇಳಿದವರಿಗೆ ಶಬ್ದ ಮನಸ್ಸಿನಲ್ಲಿ ಬಂದೇ ಬರ್ತದೆ ಮಾರಾಯ್ರೆ. ವಾದ್ಯದಲ್ಲಿ ನುಡಿಸಿದ್ರೂ ನಾನು ಒಳಗೊಳಗೇ ಹಾಡಿಕೊಳ್ತೇನೆ. ಬೇರೆಯವರ ಪಾರ್ಟಿಗೆ ಆದೀತು, ಮದುಮಗಳು ಅಪ್ಪನ ಜೊತೆ ಕುಣಿಯುವಾಗ ಬೇಡ. ಮತ್ತೆ ಒಂದಾದ್ರೂ ಕೊಂಕಣಿ ಪದ್ಯ ಇರ್ಲಿ. ಕೊಂಕಣ್ ಕೋಗುಳ್ ಅಂತ ನಾವೇ ಬಿರುದು ಕೊಟ್ಟ ವಿಲ್ಫಿ ರೆಬಿಂಬಸ್ ಅವರ ಊರು ಇದು, ಅವರ ಒಂದು ಪದ್ಯವೂ ಇಲ್ಲದೆ ರಿಸೆಪ್ಷನ್ ಮುಗಿಯುವುದುಂಟಾ.

ಸೌಂಡ್ ಬಾಕ್ಸ್ ಬಜ್ಪೆ:

ನನ್ನದು ಸೌಂಡ್ ಮತ್ತು ಡಿಜೆ ಕೆಲಸ. ಲೈವ್ ಬ್ಯಾಂಡ್ ಇದ್ರೂ ಕೆಲವರು ಫಸ್ಟ್ ಡ್ಯಾನ್ಸಿಗೆ ಒರಿಜಿನಲ್ ಟ್ರ್ಯಾಕೇ ಬೇಕು ಅಂತಾರೆ, ಹಾಗಾಗಿ ಒಂದೆರಡು ಮಾತು.

ಮೊದ್ಲನೇದು, ಟ್ರ್ಯಾಕ್ ಫೈಲ್ ಆಗಿ ಕೊಡಿ, ಯೂಟ್ಯೂಬಿನಿಂದ ನೇರ ಇಡ್ಬೇಡಿ. ನನ್ನ ಸ್ವಂತ ಕಸಿನ್ ಮದುವೆಯಲ್ಲಿ, ಆ ದಿನ ನಾನು ಗೆಸ್ಟ್ ಆಗಿ ಹೋದದ್ದು, ಹಾಲಿನವರದ್ದೇ ಸೌಂಡ್ ಇತ್ತು, ಯಾರೋ ಹುಡುಗ ಮೊಬೈಲ್ ಬ್ಲೂಟೂತ್ ಕನೆಕ್ಟ್ ಮಾಡಿ ಇಟ್ಟಿದ್ದ. ಒಂದು ನಿಮಿಷ ಚಂದ ಹೋಯ್ತು. ಮದುಮಗಳು ಕೈ ಅಡಿಯಿಂದ ಒಂದು ಸುತ್ತು ತಿರುಗಿ ವಾಪಸ್ ಬರುವ ಹೊತ್ತಿಗೆ ಸರಿಯಾಗಿ ಜಾಹೀರಾತು ಬಂತು, ಸೋಪಿನ ಜಾಹೀರಾತು, ಅದೂ ಪದ್ಯಕ್ಕಿಂತ ದೊಡ್ಡ ಸ್ವರದಲ್ಲಿ. ಅವಳು ಗಂಡನ ಭುಜ ಹಿಡಿದು ಹಾಗೇ ನಿಂತಳು, ಅವಳ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗೆ ಉಂಟು. ಆವತ್ತಿನಿಂದ ನಾನು ಯಾರ ಮದುವೆ ಇದ್ರೂ ಫಸ್ಟ್ ಡ್ಯಾನ್ಸ್ ಫೈಲ್ ಲ್ಯಾಪ್‌ಟಾಪಲ್ಲಿ ಒಂದು, ಪೆನ್‌ಡ್ರೈವಲ್ಲಿ ಒಂದು ಇಡ್ತೇನೆ, ನನ್ನ ಫೋನ್ ಏರ್‌ಪ್ಲೇನ್ ಮೋಡಿಗೆ ಹಾಕ್ತೇನೆ.

ಎರಡನೇದು, ವೇಗ ಜಾಸ್ತಿ ಇದ್ರೆ ಟ್ರ್ಯಾಕನ್ನೇ ನಿಧಾನ ಮಾಡ್ಬಹುದು. ಕೀ ಲಾಕ್ ಹಾಕಿ, ಅಂದ್ರೆ ಶ್ರುತಿ ಬದಲಾಗದ ಹಾಗೆ, ನೂರಕ್ಕೆ ನಾಲ್ಕೈದರಷ್ಟು ಇಳಿಸಿದ್ರೆ ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕಿಂತ ಹೆಚ್ಚು ಎಳೆದ್ರೆ ಹಾಡುವವರ ಸ್ವರ ಜೋಲು ಬೀಳ್ತದೆ. ಮತ್ತೆ ಡಿಜೆ ಸಾಫ್ಟ್‌ವೇರ್ ತೋರಿಸುವ ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟ್ ಅನ್ನುವ ಲೆಕ್ಕ) ವಾಲ್ಟ್ಸಿಗೆ ಕಣ್ಣು ಮುಚ್ಚಿ ನಂಬ್ಬೇಡಿ, ಅದು ಎಲ್ಲವನ್ನೂ ನಾಲ್ಕರ ಲೆಕ್ಕದಲ್ಲಿ ನೋಡ್ಲಿಕ್ಕೆ ಹೋಗಿ ಕೆಲವು ಸಲ ತಪ್ಪು ಹೇಳ್ತದೆ. ಟ್ಯಾಪ್ ಟೆಂಪೋ ಆ್ಯಪ್ ಫೋನಿಗೆ ಹಾಕಿಕೊಂಡು ನೀವೇ ಬೆರಳಲ್ಲಿ ತಟ್ಟಿ ನೋಡುವುದು ಒಳ್ಳೇದು.

ಬ್ರಹ್ಮಾವರದ ಮದ್ದಳೆ:

ನಾನು ಮೇಳದಲ್ಲಿ ಅಲ್ಲ, ಹವ್ಯಾಸಿ, ಮದ್ದಳೆ ಬಾರಿಸ್ತೇನೆ. ದೋಸ್ತಿಗಳ ಮದುವೆಗೆಲ್ಲ ಹೋಗ್ತೇನೆ, ಪ್ರತಿ ಸಲವೂ ವಾಲ್ಟ್ಸ್ ಬಂದಾಗ ನನ್ನನ್ನು ಎಳೆದು ನಿಲ್ಲಿಸ್ತಾರೆ. ನನಗೊಂದು ಪ್ರಶ್ನೆ. ಇದು ನಮ್ಮ ರೂಪಕ ತಾಳದ ಹಾಗೆಯೇ ಅಲ್ಲವಾ? ಹಾಗಾದ್ರೆ ರೂಪಕದ ಯಾವ ಪದ್ಯಕ್ಕೂ ವಾಲ್ಟ್ಸ್ ಮಾಡ್ಬಹುದಾ?

ಮಣಿಪಾಲ ಸ್ಟೆಪ್ಸ್:

ಒಳ್ಳೆ ಪ್ರಶ್ನೆ ಅಣ್ಣ, ನಾನು ಸಣ್ಣದಿರುವಾಗ ಎಂಟು ವರ್ಷ ಸಂಗೀತ ಕಲಿತದ್ದು, ಹಾಗಾಗಿ ನನಗೂ ಈ ಗೊಂದಲ ಇತ್ತು. ಕರ್ನಾಟಕ ಸಂಗೀತದ ಚತುರಶ್ರ ಜಾತಿ ರೂಪಕಕ್ಕೆ ಅಕ್ಷರ ಆರು, ಆದ್ರೆ ಅದು ಎರಡಕ್ಷರದ ದ್ರುತ ಮತ್ತು ನಾಲ್ಕಕ್ಷರದ ಲಘು ಸೇರಿ ಆರು. ಕಛೇರಿಯಲ್ಲಿ ಎರಡು ತಟ್ಟು ಒಂದು ಬೀಸು ಹಾಕಿ ಮೂರಾಗಿ ಎಣಿಸ್ತಾರೆ, ಆದ್ರೆ ಹಾಡಿನ ತೂಕ ಎಲ್ಲ ಸಲವೂ ಮೂರು-ಮೂರಾಗಿ ಬೀಳುವುದಿಲ್ಲ. ವಾಲ್ಟ್ಸಿಗೆ ಹತ್ತಿರ ಬರುವುದು ಹಿಂದೂಸ್ತಾನಿಯ ದಾದ್ರಾ ತಾಳ. ಅದು ಆರು ಮಾತ್ರೆ, ಮೂರು ಮೂರು ಪಾಲು, ಧಾ ಧಿನ್ ನಾ, ಧಾ ತಿನ್ ನಾ. ಭಾವಗೀತೆಗಳಲ್ಲಿ ಇದು ತುಂಬ ಉಂಟು.

ಈಗ ಬಾಕ್ಸ್ ಸ್ಟೆಪ್ ನೋಡಿ. ಗಂಡಸರು ಒಂದಕ್ಕೆ ಎಡಗಾಲು ಮುಂದೆ, ಎರಡಕ್ಕೆ ಬಲಗಾಲು ಬದಿಗೆ, ಮೂರಕ್ಕೆ ಎಡಗಾಲು ತಂದು ಜೋಡಿಸುವುದು. ಮತ್ತೆ ಒಂದಕ್ಕೆ ಬಲಗಾಲು ಹಿಂದೆ, ಎರಡಕ್ಕೆ ಎಡಗಾಲು ಬದಿಗೆ, ಮೂರಕ್ಕೆ ಜೋಡಿಸುವುದು. ಹೆಂಗಸರದ್ದು ಇದರ ಉಲ್ಟಾ. ಒಟ್ಟು ಆರು ಹೆಜ್ಜೆ, ಎರಡು ಬಾರ್. ಅಂದ್ರೆ ಒಂದು ಬಾಕ್ಸ್ ಮುಗಿಯುವಾಗ ದಾದ್ರಾದ ಒಂದು ಆವರ್ತ ಮುಗೀತು. ಸಮ್ (ಆವರ್ತದ ಮೊದಲ ಮಾತ್ರೆ) ಬೀಳುವಲ್ಲಿ ಎಡಗಾಲು ಮುಂದೆ ಹೋಗ್ತದೆ, ಖಾಲಿ (ನಾಲ್ಕನೇ ಮಾತ್ರೆ) ಬರುವಲ್ಲಿ ಬಲಗಾಲು ಹಿಂದೆ ಹೋಗ್ತದೆ. ನೀವು ಹಾಗೆ ಹಿಡಿದ್ರೆ ಹತ್ತು ನಿಮಿಷದಲ್ಲಿ ಬರ್ತದೆ ನಿಮಗೆ, ನನ್ನ ಮಾತು ನಂಬಿ.

ಬ್ರಹ್ಮಾವರದ ಮದ್ದಳೆ:

ಇಷ್ಟು ವರ್ಷ ಯಾರೂ ಹೀಗೆ ಹೇಳಿಕೊಟ್ಟದ್ದಿಲ್ಲ, 'ಒನ್ ಟೂ ತ್ರೀ, ನನ್ನ ಕಾಲು ನೋಡು' ಅಂತ ಮಾತ್ರ ಹೇಳ್ತಿದ್ರು. ಖಾಲಿಗೆ ಹಿಂದೆ ಹೋಗುವುದು ಅಂದ ಕೂಡ್ಲೆ ಕಾಲಿಗೆ ಅರ್ಥ ಆಯ್ತು. ಈಗಷ್ಟೇ ಅಂಗಳದಲ್ಲಿ ಹಾಕಿ ನೋಡಿ ಬಂದೆ, ಮನೆಯವಳು ಬಾಗಿಲಲ್ಲಿ ನಿಂತು ನೋಡಿ ತಾನೂ ಬಂದಳು.

ಬೆಂದೂರಿನವ:

ಬ್ಲೂ ಡ್ಯಾನ್ಯೂಬ್ ಯಾರೂ ಹೇಳ್ಲಿಲ್ಲ ಯಾಕೆ? ವಾಲ್ಟ್ಸ್ ಅಂದ್ರೆ ಅದೇ ಅಲ್ಲವಾ.

ಮಣಿಪಾಲ ಸ್ಟೆಪ್ಸ್:

ಯೊಹಾನ್ ಸ್ಟ್ರಾಸ್ ಎರಡನೆಯವರದ್ದು, 1867ರ ಫೆಬ್ರವರಿ 15ಕ್ಕೆ ವಿಯೆನ್ನಾದಲ್ಲಿ ಮೊದಲ ಸಲ ಹಾಡಿಸಿದ್ದು. ಅದರಷ್ಟು ಚಂದದ್ದು ಇಲ್ಲ ಅಂತ ನಾನೂ ಹೇಳ್ತೇನೆ. ಆದ್ರೆ ಅದು ಒಂದು ಪದ್ಯ ಅಲ್ಲ, ಐದು ವಾಲ್ಟ್ಸ್‌ಗಳ ಮಾಲೆ, ಪೂರ್ತಿ ನುಡಿಸಿದ್ರೆ ಹತ್ತು ನಿಮಿಷ. ಶುರುವಿನ ಭಾಗ 6/8ರಲ್ಲಿ ನಿಧಾನಕ್ಕೆ ಪಿಟೀಲಿನ ನಡುಕದಲ್ಲಿ ಬರ್ತದೆ, ಅಲ್ಲಿ ಹೆಜ್ಜೆ ಹಾಕ್ಲಿಕ್ಕೆ ಏನೂ ಇಲ್ಲ, ಜೋಡಿ ಫ್ಲೋರಿನ ಮಧ್ಯೆ ಸುಮ್ಮನೆ ನಿಂತಿರ್ಬೇಕಾಗ್ತದೆ. ಆಮೇಲೆ ಶುರುವಾದ್ರೆ ವಿಯೆನ್ನೀಸ್ ವೇಗ. ಮತ್ತೆ ವಿಯೆನ್ನಾದ ಆರ್ಕೆಸ್ಟ್ರಾದವರು ಎರಡನೇ ಬೀಟನ್ನು ಒಂಚೂರು ಬೇಗ ನುಡಿಸ್ತಾರೆ, ಅದೇ ಅವರ ಸೊಗಸು, ನಮ್ಮಲ್ಲಿ ಕಲಿತ ಕಾಲಿಗೆ ಅದು ಕೈಕೊಡ್ತದೆ. ಇಡ್ಲೇಬೇಕಾದ್ರೆ ಇಂಟ್ರೊ ಕತ್ತರಿಸಿ ಮೊದಲ ಭಾಗ ಮಾತ್ರ ಇಟ್ಟುಕೊಳ್ಳಿ. ಮದುಮಗಳ ಎಂಟ್ರಿಗೆ ಆದ್ರೆ ಇಂಟ್ರೊ ಸಮೇತ ಬಹಳ ಒಳ್ಳೇದಾಗ್ತದೆ.

ಕುಲಶೇಖರದವಳು:

ಎಲ್ಲರಿಗೂ ತುಂಬ ಥ್ಯಾಂಕ್ಸ್, ಆಫೀಸಿನಿಂದ ಬರುವಾಗ ಬಸ್ಸಲ್ಲಿ ಪೂರ್ತಿ ಓದಿದೆ. ಟ್ರಂಪೆಟ್ ಅಂಕಲ್ ಹೇಳಿದ ಹಾಗೆ ಮಾಡಿದೆ. ರಾತ್ರಿ ತೇರ್ಸ್ (ಜಪಮಾಲೆ ಪ್ರಾರ್ಥನೆ) ಮುಗಿದ ಮೇಲೆ ಪಪ್ಪನಿಗೆ ಹೇಳಿದೆ, ಪಪ್ಪ ಮ್ಯೂಸಿಕ್ ಬೇಡ, ನೀವು ಹೇಗೆ ಹಾಕ್ತೀರೋ ಹಾಗೆ ಹಾಕಿ, ನಾನು ಎಣಿಸ್ತೇನೆ ಅಂತ. ಮೊದ್ಲು ಬೇಡ ಅಂದ್ರು. ಆಮೇಲೆ ಚಪ್ಪಲಿ ಕಳಚಿಟ್ಟು ಬರಿಗಾಲಲ್ಲಿ ಕೆಂಪು ನೆಲದ ಮೇಲೆ ನಿಂತ್ರು. ಎಡಗಾಲು ಮುಂದೆ ಇಡುವಾಗ ಹಿಮ್ಮಡಿ ಮೊದ್ಲು ಊರ್ತಾರೆ, ಆಮೇಲೆ ಮೆಲ್ಲ ತೂಕ ಹಾಕ್ತಾರೆ, ಮೂರಕ್ಕೆ ಕಾಲು ಜೋಡಿಸುವಾಗ ಬಲಗಾಲಿನ ಬೆರಳ ಮೇಲೆ ಸ್ವಲ್ಪ ಏಳ್ತಾರೆ. ನಾನು ಇಷ್ಟು ವರ್ಷ ನೋಡಿದ್ದೇನೆ, ಆದ್ರೆ ಇಷ್ಟು ಹತ್ತಿರದಿಂದ ಅವರ ಕಾಲು ಮಾತ್ರ ನೋಡಿದ್ದು ಇದೇ ಮೊದಲು. ಬಲಗೈ ಎದುರು ಯಾರೋ ಇದ್ದಾರೆ ಅನ್ನುವ ಹಾಗೆ ಎತ್ತಿಯೇ ಇತ್ತು.

ಮೊದಲ ಅರ್ಧ ನಿಮಿಷದಲ್ಲಿ 14 ಬಂತು. ಸ್ವಲ್ಪ ಕೂತು ಎದ್ದು ಮತ್ತೆ ಹಾಕಿದಾಗ 15. ಅದಕ್ಕಿಂತ ಜೋರು ಹೋಗ್ಲಿಕ್ಕೆ ಹೇಳಿದ್ದಕ್ಕೆ ಎರಡು ಸುತ್ತು ಹಾಕಿ ಮಂಡಿ ಮೇಲೆ ಕೈ ಇಟ್ರು, ನಾನು ಸಾಕು ಅಂದೆ.

ಕಂಕನಾಡಿ ಟ್ರಂಪೆಟ್:

ನಿಮಿಷಕ್ಕೆ 28ರಿಂದ 30. ನೋಡಿದಿಯಾ, ಮೇಲೆ ಟೀಚರ್ ಹೇಳಿದ ಸ್ಪರ್ಧೆಯ ಸ್ಲೋ ವಾಲ್ಟ್ಸ್ ಲೆಕ್ಕವೇ ಬಂತು, ನಿನ್ನ ಪಪ್ಪನ ಕಾಲು ಮರೆತದ್ದಿಲ್ಲ. ಬೀಟಿನ ಲೆಕ್ಕದಲ್ಲಿ 84ರಿಂದ 90. ಇನ್ನು ಬ್ಯಾಂಡಿನವರಿಗೆ ಪದ್ಯದ ಹೆಸರು ಮಾತ್ರ ಕೊಟ್ಟು ಸುಮ್ಮನಿರ್ಬೇಡ, 'ಮೂರರ ವಾಲ್ಟ್ಸ್, 90' ಅಂತ ಬರೆದು ಕೊಡು. ಹುಡುಗರು ಮದುವೆ ಮನೆಯ ಗಮ್ಮತ್ತಿನಲ್ಲಿ ವೇಗ ಏರಿಸಿಬಿಡ್ತಾರೆ, ನಾವೂ ಪ್ರಾಯದಲ್ಲಿ ಮಾಡಿದ್ದೇವೆ, ಡ್ರಮ್ಮರಿನ ಎದುರು ಆ ಚೀಟಿ ಇರ್ಬೇಕು.

ಈಗ ಪದ್ಯ. ನನ್ನ ಮನಸ್ಸಿಗೆ ಬರುವುದು ಎರಡು. ಒಂದು 'ಮೂನ್ ರಿವರ್', ಹೆನ್ರಿ ಮ್ಯಾನ್ಸಿನಿಯವರ 1961ರ ರಾಗ. ಮೊದಲ ಸ್ವರವೇ ಒಂದನೇ ಬೀಟಿಗೆ ಬಿದ್ದು ಮೂರೂ ಬೀಟ್ ಹಾಗೇ ನಿಲ್ತದೆ, ಸ್ಯಾಕ್ಸೋಫೋನಿಗೆ ಹೇಳಿ ಮಾಡಿಸಿದ್ದು. ಆದ್ರೆ ಹಾಡುವವರು ಅದನ್ನು ಭಾವ ತುಂಬಿಸ್ತೇನೆ ಅಂತ ಎಳೀತಾರೆ, ವಾಕ್ಯದ ಕೊನೆಗೆ ತಾಳ ಬಿಟ್ಟು ನಿಂತುಬಿಡ್ತಾರೆ, ಕುಣಿಯುವವ ಒಂದು ಕಾಲು ಎತ್ತಿ ಕಾಯ್ಬೇಕು. ಮಂಡಿ ನೋವಿನವರಿಗೆ ಅದು ಕಷ್ಟ.

ಇನ್ನೊಂದು 'ಎಡಲ್‌ವೈಸ್'. ಸೌಂಡ್ ಆಫ್ ಮ್ಯೂಸಿಕ್‌ದು, 1959ರಲ್ಲಿ ನಾಟಕಕ್ಕೆ ಬರೆದದ್ದು, 1965ರ ಸಿನೆಮಾದಿಂದ ಎಲ್ಲರಿಗೂ ಗೊತ್ತಾದದ್ದು. ಶುದ್ಧ 3/4, ಮೂರರ ಲೆಕ್ಕ. ನಾನು ಇದಕ್ಕೆ ಯಾಕೆ ಒತ್ತಿ ಹೇಳ್ತೇನೆ ಅಂದ್ರೆ, ಟೆನೆಸ್ಸಿ ವಾಲ್ಟ್ಸಿನ ಹಾಗೆ ಇದಕ್ಕೆ ಒಂದಕ್ಕಿಂತ ಮೊದ್ಲು ಬರುವ ಎತ್ತುಗಡೆ ಸ್ವರ ಇಲ್ಲ. 'ಎ' ಅನ್ನುವುದೇ ಸೀದಾ ಒಂದಕ್ಕೆ ಬೀಳ್ತದೆ, ಎರಡು ಬೀಟ್ ನಿಂತು ಮೂರಕ್ಕೆ 'ಡಲ್', ಮತ್ತೆ ಮುಂದಿನ ಒಂದಕ್ಕೆ 'ವೈಸ್', ಅದು ಪೂರ್ತಿ ಬಾರ್. ಪ್ರತಿ 'ಒಂದು' ಕೈಗೆ ಕೊಟ್ಟ ಹಾಗೆ ಸಿಗ್ತದೆ. ಎಂಟು ಎಂಟು ಬಾರಿನ ನಾಲ್ಕು ಸಾಲು, ಒಟ್ಟು 32 ಬಾರ್. ನಿಮಿಷಕ್ಕೆ 30ರ ಹಾಗೆ ಹೋದ್ರೆ ಒಂದು ಸುತ್ತಿಗೆ 64 ಸೆಕೆಂಡ್, 16 ಬಾಕ್ಸ್ ಸರಿಯಾಗಿ ಕೂತುಕೊಳ್ತದೆ, ಅರ್ಧದಲ್ಲಿ ಪದ್ಯ ಮುಗಿದು ಕಾಲು ಗಾಳಿಯಲ್ಲಿ ಉಳಿಯುವ ಪ್ರಶ್ನೆಯೇ ಇಲ್ಲ. ಕತೆಯಲ್ಲೂ ಅದು ಹೆಂಡತಿ ತೀರಿಹೋದ ಒಬ್ಬ ಅಪ್ಪ ತುಂಬ ವರ್ಷ ಬಿಟ್ಟಿದ್ದ ಹಾಡನ್ನು ಮಕ್ಕಳ ಎದುರು ಮತ್ತೆ ಹಾಡುವುದು.

ಶಿರ್ವದ ಆಂಟಿ:

ಇದಕ್ಕೆ ನನ್ನದು ಒಂದು ಮಾತೂ ಇಲ್ಲ. ಹೂವಿನ ಬಗ್ಗೆ ಪದ್ಯ, ಒಂದು ಕೆಟ್ಟ ಶಬ್ದ ಇಲ್ಲ, ಒಂದು ದುಃಖದ ಶಬ್ದ ಇಲ್ಲ. ಆ ಸಿನೆಮಾ ನಾವು ಹಾಸ್ಟೆಲ್‌ನಲ್ಲಿರುವಾಗ ಸಿಸ್ಟರ್ಸ್ ತೋರಿಸಿದ್ದು, ಈಗಲೂ ಬಾಯಿಪಾಠ ಬರ್ತದೆ. ಇದನ್ನೇ ಇಡು ಮಗಾ.

ಸೌಂಡ್ ಬಾಕ್ಸ್ ಬಜ್ಪೆ:

ಒಂದೇ ಸುತ್ತು ಆದ್ರೆ ತುಂಬ ಚಿಕ್ಕದಾಯ್ತಲ್ಲ, ಒಂದು ನಿಮಿಷ. ಫೋಟೋದವರಿಗೂ ಸಾಲುವುದಿಲ್ಲ.

ಕಂಕನಾಡಿ ಟ್ರಂಪೆಟ್:

ಮೂರು ಸುತ್ತು ನುಡಿಸ್ಲಿ. ಮೊದಲ ಸುತ್ತು ಬರೇ ಸ್ಯಾಕ್ಸೋಫೋನ್, ಹಿಂದೆ ಮೆಲ್ಲ ಬೇಸ್, ಅಪ್ಪ ಮಗಳು ಇಬ್ಬರೇ. ಎರಡನೇ ಸುತ್ತಿಗೆ ಹಾಡುವವರು ಸೇರಲಿ. ಮೂರನೇ ಸುತ್ತಿಗೆ ಎಂಸಿ (ಕಾರ್ಯಕ್ರಮ ನಡೆಸುವವರು) ಮದುಮಗನ ಅಪ್ಪ ಅಮ್ಮನನ್ನು, ಆಮೇಲೆ ಎಲ್ಲರನ್ನೂ ಕರೀಲಿ. ಒಟ್ಟು 3 ನಿಮಿಷ 12 ಸೆಕೆಂಡ್. ಮಂಡಿಗೂ ಅಷ್ಟು ಸಾಕು. ನಡುವೆ ಸುಸ್ತಾದ್ರೆ ಮೂರನೇ ಸುತ್ತಿನಲ್ಲಿ ಗುಂಪಿನ ಮಧ್ಯೆ ಮೆಲ್ಲ ಬದಿಗೆ ಸರಿದ್ರೂ ಯಾರಿಗೂ ಗೊತ್ತಾಗುವುದಿಲ್ಲ. ಮತ್ತೆ ಹಾಡುವವರು ಗಂಡಸಾ ಹೆಂಗಸಾ ಅಂತ ನೋಡಿ ಕೀ ಯಾವುದು ಅಂತ ಬ್ಯಾಂಡಿನವರಿಗೆ ಒಂದು ವಾರ ಮೊದ್ಲೇ ತಿಳಿಸು, ಸ್ಯಾಕ್ಸ್ ಮತ್ತು ಟ್ರಂಪೆಟಿನವರು ಬೇರೆ ಕೀಗೆ ಬರೆದುಕೊಳ್ಳಿಕ್ಕೆ ಉಂಟು.

ಮಣಿಪಾಲ ಸ್ಟೆಪ್ಸ್:

ಗೌನಿನ ಟ್ರೇನ್ (ಹಿಂದೆ ನೆಲದಲ್ಲಿ ಎಳೆಯುವ ಭಾಗ) ಎಷ್ಟು ಉದ್ದ ಉಂಟು? ಒಂದನೇ ಬಾರಿನಲ್ಲಿ ನೀವು ಹಿಂದೆ ಹೋಗುವುದು, ಟ್ರೇನ್ ನಿಮ್ಮ ಹಿಂದೆಯೇ ಇರುವುದು, ಸೀದಾ ಅದರ ಮೇಲೆಯೇ ಹೆಜ್ಜೆ ಬೀಳ್ತದೆ. ಟೈಲರ್ ಹತ್ರ ಹೇಳಿ ಹಿಂದೆ ಗುಂಡಿ ಅಥವಾ ಲೂಪ್ ಇಡಿಸಿ, ಡ್ಯಾನ್ಸಿನ ಮೊದ್ಲು ಬ್ರೈಡ್ಸ್‌ಮೇಡ್ ಎತ್ತಿ ಸಿಕ್ಕಿಸಲಿ. ಪಪ್ಪನ ಮದುವೆ ಶೂ ಹೊಸತಾದ್ರೆ ಈಗಿನಿಂದಲೇ ಮನೆಯಲ್ಲಿ ಹಾಕಿ ಅಭ್ಯಾಸ ಮಾಡಿಸಿ, ಹಾಲಿನ ಗ್ರಾನೈಟ್ ಹೊಸ ಶೂಗೆ ಜಾರ್ತದೆ, ಬರಿಗಾಲಿಗೆ ಸಿಕ್ಕಿದ ಹಿಡಿತ ಅಲ್ಲಿ ಸಿಗ್ಲಿಕ್ಕಿಲ್ಲ.

ಬಿಜೈ ರಾಕರ್:

ಹಾಗಾದ್ರೆ 'ಪರ್ಫೆಕ್ಟ್' ಕ್ಯಾನ್ಸಲ್ಲಾ ಅಕ್ಕ?

ಕುಲಶೇಖರದವಳು:

ಇಲ್ಲ ಇಲ್ಲ, ಅದು ನಮ್ಮಿಬ್ಬರಿಗೆ ಇಟ್ಟಿದ್ದೇನೆ. ನಮ್ಮವರಿಗೆ ವಾಲ್ಟ್ಸ್ ಬರುವುದಿಲ್ಲ, ದೊಡ್ಡ ಬೀಟಿಗೆ ಅತ್ತಿತ್ತ ತೂಗಿದ್ರೆ ಆಯ್ತು ಅಂತ ಟೀಚರ್ ಹೇಳಿದ್ದು ಓದಿ ಅವರಿಗೂ ಧೈರ್ಯ ಬಂತು. ಆಂಟಿ, ಎಲ್ಲರೂ ಕುಣಿಯುವಾಗ ವಿಲ್ಫಿಯವರ ಎರಡು ಪದ್ಯ ಇಡ್ತೇವೆ, ಯಾವುದು ಅಂತ ಪಪ್ಪನೇ ಹೇಳ್ತಾರಂತೆ.

ನಿನ್ನೆ ಸಂಜೆ ಎಡಲ್‌ವೈಸ್ ಇಟ್ಟು ನೋಡಿದೆವು. ಫೋನಿನಲ್ಲಿ ಬೀಟ್ ತಟ್ಟುವ ಮೆಟ್ರೋನೋಮ್ 90ಕ್ಕೆ ಇಟ್ಟು ತಮ್ಮ ಗಿಟಾರ್ ಹಿಡಿದ, ಅವನಿಗೆ ಅದರ ಕಾರ್ಡ್ಸ್ ಸುಲಭವಾಗಿ ಸಿಕ್ತು. ಮೊದಲ ಎಂಟು ಬಾರ್ ಪಪ್ಪ ಕುಣಿಯಲಿಲ್ಲ, ನನ್ನ ಕೈ ಹಿಡಿದು ನಿಂತೇ ಇದ್ರು, ಹಿಮ್ಮಡಿ ಮಾತ್ರ ಒಂದಕ್ಕೆ ಒಂದಕ್ಕೆ ನೆಲಕ್ಕೆ ತಟ್ತಾ ಇತ್ತು. ಎರಡನೇ ಸಾಲು ಶುರುವಾದಾಗ ಎಡಗಾಲು ಮುಂದೆ ಬಂತು. ಮೂರು ಸುತ್ತು ಪೂರ್ತಿ ಮಾಡಿದ್ರು, ಮಧ್ಯೆ ಒಂದು ಸಲವೂ 'ಒಂದು' ಎಲ್ಲಿ ಅಂತ ಕೇಳ್ಲಿಲ್ಲ. ಮುಗಿದ ಮೇಲೆ ತಮ್ಮನಿಗೆ "ಕೊನೆಯ ಸುತ್ತಿನಲ್ಲಿ ನೀನು ಓಡಿದಿ" ಅಂತ ಹೇಳಿದ್ರು. ನಾವು ರೆಕಾರ್ಡ್ ಮಾಡಿದ್ದನ್ನು ಕೇಳಿ ನೋಡಿದ್ರೆ ಹೌದು, ಮೆಟ್ರೋನೋಮ್ ಬಿಟ್ಟು 94ಕ್ಕೆ ಹೋಗಿತ್ತು.

ಲಿಸ್ಟ್ ಇವತ್ತು ಬೆಳಿಗ್ಗೆ ಬ್ಯಾಂಡಿನವರಿಗೆ ಕಳಿಸಿದೆ. ಮೂರರ ವಾಲ್ಟ್ಸ್, 90, ಮೂರು ಸುತ್ತು, ಮೊದಲ ಸುತ್ತು ಸ್ಯಾಕ್ಸ್ ಮಾತ್ರ. ಡ್ರಮ್ಮರಿಗೆ ಕೊಡುವ ಚೀಟಿ ಪಪ್ಪನೇ ಬರೆದು ಪರ್ಸಿನಲ್ಲಿ ಇಟ್ಟುಕೊಂಡಿದ್ದಾರೆ.